ಕಿಟಕಿ ತೆರೆಯಿರಿ, ಬಿಗಿ ಸುತ್ತು ಬೇಡ

ಮಾನ್ಯರೇ,

ಪುಟ್ಟ ವಿಮಾನದಿಂದ ಬೆಟ್ಟ, ನದಿ, ಕಡಲತೀರಗಳ ಚಿತ್ರ ತೆಗೆಯುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನದ ಚಿತ್ರಗಳು ಕಣ್ಣಿಗೆ ಹಬ್ಬ. ಜೊತೆಗೆ ಕೊಟ್ಟ ಸಲಹೆಗಳಲ್ಲಿ ಕೆಲವು ಮಾತ್ರ ತಪ್ಪು. ಒಂದಂತೂ ಜೀವಕ್ಕೇ ಕುತ್ತು ತರುವಂಥದ್ದು, ಹಾಗಾಗಿ ಅದೇ ಮೊದಲು.

ಒಳ್ಳೆಯ ದೃಶ್ಯ ಕಂಡರೆ ಅದರ ಸುತ್ತ ಬಿಗಿಯಾಗಿ ಸುತ್ತು ಹಾಕುವಂತೆ ಪೈಲಟ್‌ಗೆ ಹೇಳಿ ಎಂದು ಲೇಖಕರು ಬರೆದಿದ್ದಾರೆ. ವಿಮಾನ ವಾಲಿ ತಿರುಗುವಾಗ ರೆಕ್ಕೆ ಹೊರಬೇಕಾದ ಭಾರ ಹೆಚ್ಚುತ್ತದೆ, ಸ್ಟಾಲ್ ಆಗುವ ವೇಗವೂ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಂಡು ವಿಮಾನ ಕುಸಿಯತೊಡಗುವ ವೇಗವೂ, ಅದರೊಂದಿಗೆ ಏರುತ್ತದೆ. ನೇರ ಹಾರಾಟದಲ್ಲಿ 50 ನಾಟ್‌ಗೆ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಸ್ಟಾಲ್ ಆಗುವ ವಿಮಾನ, ಎತ್ತರ ಕಳೆದುಕೊಳ್ಳದೆ 30 ಡಿಗ್ರಿ ವಾಲಿದರೆ 54ಕ್ಕೆ, 45 ಡಿಗ್ರಿ ವಾಲಿದರೆ ಸುಮಾರು 60ಕ್ಕೆ, 60 ಡಿಗ್ರಿಯಲ್ಲಿ 71ಕ್ಕೇ ಸ್ಟಾಲ್ ಆಗುತ್ತದೆ. ಫೋಟೊಗೆಂದು ವೇಗ ಇಳಿಸಿ 70 ನಾಟ್‌ನಲ್ಲಿ ಹಾರುತ್ತಿರುವವರ ಪಾಡೇನು? ಇದರ ಮೇಲೆ ಗಾಳಿಯ ಆಟ ಬೇರೆ. 15 ನಾಟ್ ಗಾಳಿ ಬೀಸುತ್ತಿದ್ದರೆ ಎದುರುಗಾಳಿಯಲ್ಲಿ ನೆಲ 55 ನಾಟ್‌ನಲ್ಲಿ ಹಿಂದೆ ಸರಿಯುತ್ತದೆ, ಬೆನ್ನುಗಾಳಿಗೆ ತಿರುಗಿದರೆ 85ರಲ್ಲಿ. ನೆಲವನ್ನೇ ನೋಡುತ್ತಿರುವ ಪೈಲಟ್‌ಗೆ ವೇಗ ಜಾಸ್ತಿಯಾಯಿತು ಎನಿಸಿ ಎಂಜಿನ್ನಿನ ಶಕ್ತಿ ಇಳಿಸಲು ಕೈ ತಾನಾಗಿ ಥ್ರಾಟಲ್ ಎಳೆಯುತ್ತದೆ. ದೃಶ್ಯ ಜಾರಿಹೋಗುತ್ತಿದೆಯೆಂದು ಸುತ್ತನ್ನೂ ಬಿಗಿ ಮಾಡುತ್ತಾನೆ. ಅಲಾಸ್ಕದ ಪೈಲಟ್‌ಗಳು ಇದನ್ನು ‘ಮೂಸ್ ಸ್ಟಾಲ್’ ಎನ್ನುತ್ತಾರೆ. ಮೂಸ್ ಎಂಬ ದೈತ್ಯ ಜಿಂಕೆಯನ್ನು ನೋಡುತ್ತ ಸುತ್ತು ಹೊಡೆದು ಬೀಳುವವರು ಅಲ್ಲಿ ಅಷ್ಟಿದ್ದಾರೆ. 500 ಅಡಿ ಎತ್ತರದಲ್ಲಿ ಒಂದು ರೆಕ್ಕೆ ಕುಸಿದರೆ ಸಾವರಿಸಿಕೊಳ್ಳಲು ಎತ್ತರವೇ ಸಾಲದು.

ಮಾಡಬೇಕಾದ್ದು ಇಷ್ಟು: ದೃಶ್ಯವನ್ನು ಒಂದು ಪಕ್ಕಕ್ಕಿಟ್ಟುಕೊಂಡು, ನೆಲದಿಂದ 1,000 ಅಡಿಗಿಂತ ಕೆಳಗಿಳಿಯದೆ ನೇರವಾಗಿ ಹಾದುಹೋಗುವುದು. ದಾಟಿದ ಮೇಲೆ 30 ಡಿಗ್ರಿಗಿಂತ ಹೆಚ್ಚು ವಾಲದೆ ಅಗಲವಾಗಿ ತಿರುಗಿ ಮತ್ತೆ ಬರುವುದು. ಕ್ಲಿಕ್ಕಿಸುವುದೆಲ್ಲ ಆ ನೇರ ಓಟದಲ್ಲೇ. ಪೈಲಟ್‌ನ ಕಣ್ಣು ವೇಗಮಾಪಕ ಮತ್ತು ದಿಗಂತದ ಮೇಲಿರಲಿ. ದೃಶ್ಯ ನೋಡುವುದು, ‘ಬಲಕ್ಕೆ ಹತ್ತು ಡಿಗ್ರಿ’, ‘ಇನ್ನೂ ಸ್ವಲ್ಪ ದೂರದಿಂದ’ ಎಂದು ಹೆಡ್‌ಸೆಟ್‌ನಲ್ಲಿ ಹೇಳುವುದು ಫೋಟೊ ತೆಗೆಯುವವರ ಕೆಲಸ. ರೆಕ್ಕೆ ಅಡ್ಡ ಬಂತೆಂದು ರಡರ್ (ಬಾಲದ ಚುಕ್ಕಾಣಿ) ಒತ್ತಿ ಮೂತಿ ತಿರುಗಿಸಲು ಕೇಳುವ ಚಾಳಿಯೂ ಉಂಟು. ಕಡಿಮೆ ವೇಗದಲ್ಲಿ ಅದು ಸ್ಪಿನ್‌ಗೆ, ಅಂದರೆ ವಿಮಾನ ಗಿರಗಿರನೆ ಸುತ್ತುತ್ತ ಬೀಳುವುದಕ್ಕೆ, ಕೊಟ್ಟ ಆಹ್ವಾನ. ಹಾರಿಸುವವರೇ ಕ್ಯಾಮೆರಾ ಹಿಡಿಯುವುದಂತೂ ಬೇಡವೇ ಬೇಡ. ಈ ಒಂದು ಸಲಹೆಗಾದರೂ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಲೆನ್ಸನ್ನು ಕಿಟಕಿಗೆ ಒತ್ತಿ ಹಿಡಿದರೆ ಪ್ರತಿಫಲನ ಬೀಳದು ಎಂಬುದು ಇನ್ನೊಂದು ಸಲಹೆ. ಪ್ರತಿಫಲನ ಬೀಳದು ನಿಜ, ಆದರೆ ಎಂಜಿನ್ನಿನ ನಡುಕವೆಲ್ಲ ನೇರವಾಗಿ ಕ್ಯಾಮೆರಾಕ್ಕೆ ಇಳಿಯುತ್ತದೆ. ಮೊಣಕೈಯನ್ನು ಕಿಟಕಿಯಂಚಿಗೆ ಊರಿದರೂ ಅದೇ ಕಥೆ. ಸೊಂಟದಿಂದ ಕೆಳಗೆ ಮಾತ್ರ ಸೀಟಿಗೆ ತಾಗಿರಲಿ, ತೋಳುಗಳು ಯಾವುದಕ್ಕೂ ಆನದಿರಲಿ. ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕಿ ಎಂದೂ ಲೇಖಕರು ಹೇಳಿದ್ದಾರೆ. ಇಂಥ ವಿಮಾನಗಳ ಕಿಟಕಿ ಸಾಮಾನ್ಯವಾಗಿ ಅಕ್ರಿಲಿಕ್. ಬಾಗಿಸಿ ಕೂರಿಸಿದ ಒತ್ತಡ ಅದರೊಳಗೆ ಉಳಿದಿರುತ್ತದೆ. ಪೋಲರೈಸರ್ ಮೂಲಕ ನೋಡಿದರೆ ಆ ಒತ್ತಡವೆಲ್ಲ ಕಾಮನಬಿಲ್ಲಿನ ಪಟ್ಟೆಗಳಾಗಿ ಚಿತ್ರದ ಮೇಲೆ ಹರಡುತ್ತದೆ. ಆಮೇಲೆ ಅಳಿಸುವ ಉಪಾಯವಿಲ್ಲ.

ಪರಿಹಾರ ಕಿಟಕಿ ತೆರೆಯುವುದೇ. ಸೆಸ್ನಾ 172ರಂಥ, ರೆಕ್ಕೆ ಮೇಲಿರುವ ವಿಮಾನ ಇದಕ್ಕೇ ಹೇಳಿಮಾಡಿಸಿದಂತಿದೆ. ಅದರ ಮುಂದಿನ ಕಿಟಕಿಯ ಕೀಲು ಮೇಲಂಚಿನಲ್ಲಿದೆ. ಅದು ಪೂರ್ತಿ ತೆರೆಯದಂತೆ ಒಂದು ಪುಟ್ಟ ಕಡ್ಡಿ ಹಿಡಿದಿರುತ್ತದೆ. ಆ ಕಡ್ಡಿಯ ಸ್ಕ್ರೂವನ್ನು ಹಾರುವ ಮುಂಚೆ ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಿಸಿಕೊಂಡರೆ, ಆಕಾಶದಲ್ಲಿ ಗಾಳಿಯೇ ಕಿಟಕಿಯನ್ನು ಮೇಲೆತ್ತಿ ರೆಕ್ಕೆಯಡಿ ಹಿಡಿದುಕೊಳ್ಳುತ್ತದೆ. ವೇಗ ಇಳಿದಾಗ ಅದು ಕೆಳಗೆ ಬೀಳುವುದರಿಂದ ಇಳಿಯುವ ಮೊದಲೇ ಮುಚ್ಚಬೇಕು. ಬಲಗಡೆಯ ಕಿಟಕಿ ಎಲ್ಲ ವಿಮಾನಗಳಲ್ಲೂ ತೆರೆಯುವುದಿಲ್ಲ, ಮೊದಲೇ ಕೇಳಿಕೊಳ್ಳಿ. ರೆಕ್ಕೆಗೆ ಆನಿಕೆ ಕೊಟ್ಟ ಸ್ಟ್ರಟ್ ಮತ್ತು ಕೆಳಗಿನ ಚಕ್ರ ಚಿತ್ರದೊಳಗೆ ನುಸುಳುತ್ತವೆ. ತುಸು ಹಿಂದಕ್ಕೆ ಗುರಿಯಿಟ್ಟರೆ ಸ್ಟ್ರಟ್ ತಪ್ಪುತ್ತದೆ. ಲೆನ್ಸ್ ಚೌಕಟ್ಟಿನಿಂದ ಆಚೆ ಹೋಗದಿರಲಿ, ಹೊರಗಿನ ಗಾಳಿ ಅದನ್ನು ಹಿಡಿದು ಅಲ್ಲಾಡಿಸುತ್ತದೆ. ಲೆನ್ಸಿನ ಮುಂದೆ ನೆರಳಿಗೆ ಹಾಕುವ ಹುಡ್ ತೆಗೆದಿಡಿ. ಅದು ಕಿತ್ತುಹೋದರೆ ಹಿಂದೆ ವಿಮಾನದ ಬಾಲವಿದೆ ಎಂಬುದು ನೆನಪಿರಲಿ.

ಶಟರ್ ವೇಗ 1/250 ಸೆಕೆಂಡ್ ಸಾಕು ಎಂದಿದ್ದಾರೆ ಲೇಖಕರು. ಸಾಕೇ? ಲೆಕ್ಕ ಹಾಕೋಣ. 70 ನಾಟ್ ಎಂದರೆ ಸೆಕೆಂಡಿಗೆ 36 ಮೀಟರ್. 300 ಮೀಟರ್ ದೂರದ ದೃಶ್ಯ 50 ಮಿ.ಮೀ. ಲೆನ್ಸಿನಲ್ಲಿ, ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ) ಮೇಲೆ ಸೆಕೆಂಡಿಗೆ 6 ಮಿ.ಮೀ. ಸರಿಯುತ್ತದೆ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ (36 ಮಿ.ಮೀ. ಅಗಲದ ಸೆನ್ಸರಿನ) ಕ್ಯಾಮೆರಾದ ಒಂದು ಪಿಕ್ಸೆಲ್ ಅಗಲ ಸುಮಾರು 0.006 ಮಿ.ಮೀ. ಅಂದರೆ 1/1000ರಲ್ಲಿ ಒಂದು ಪಿಕ್ಸೆಲ್ ಮಸುಕು, 1/250ರಲ್ಲಿ ನಾಲ್ಕು. ಕೈನಡುಕ ಇನ್ನೂ ಸೇರಿಲ್ಲ. 100 ಮಿ.ಮೀ. ಲೆನ್ಸ್ ಹಾಕಿದರೆ ಇದು ಇಮ್ಮಡಿ. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಂಡಿ) ಕಿರಿದು ಮಾಡುವ ಅಗತ್ಯವೇ ಇಲ್ಲ: 50 ಮಿ.ಮೀ.ನಲ್ಲಿ ಎಫ್/4 ಇಟ್ಟರೂ 21 ಮೀಟರ್ ಆಚೆಗೆ ಫೋಕಸ್ ಮಾಡಿದರೆ ಅನಂತದವರೆಗೂ ಸ್ಪಷ್ಟ. ದೂರಕ್ಕೆ ಫೋಕಸ್ ಮಾಡಿ ರಿಂಗಿಗೆ ಟೇಪ್ ಅಂಟಿಸಿಬಿಡಿ.

ಹೊತ್ತಿನ ಬಗ್ಗೆ ಲೇಖಕರು ಹೇಳಿದ್ದು ಸರಿ. ಬೆಳಗಿನ ಓರೆ ಬಿಸಿಲಿಗೆ ನೆಲದ ಏರುತಗ್ಗು ಎದ್ದು ಕಾಣುತ್ತದೆ, ನೆಲ ಕಾದು ಗಾಳಿ ಮೇಲೇಳುವ ಮುಂಚೆ ವಿಮಾನವೂ ಕುಲುಕಾಡದು. ಆಳವಿಲ್ಲದ ನೀರಿನ ತಳ ಕಾಣಬೇಕೆಂದರೆ ಮಾತ್ರ ಸೂರ್ಯ ಮೇಲೇರಬೇಕು.

ವಿಡಿಯೊ ಬಗ್ಗೆ ಲೇಖನದಲ್ಲಿ ಒಂದೇ ಸಾಲಿದೆ, ಅದು ಸಾಲದು. ಅಗಲ ಲೆನ್ಸ್ ಬಳಸಿ, ಕ್ಯಾಮೆರಾ ತಿರುಗಿಸದೆ ವಿಮಾನದ ಚಲನೆಗೇ ಬಿಡಿ. ಸೆಕೆಂಡಿಗೆ 50 ಫ್ರೇಮ್‌ನಲ್ಲಿ ತೆಗೆದು ಅರ್ಧ ವೇಗದಲ್ಲಿ ತೋರಿಸಿದರೆ ಸಣ್ಣ ಕುಲುಕಾಟ ಕರಗುತ್ತದೆ. ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಕಿಟಕಿಯೊಳಗೇ ಇರಲಿ, ಗಾಳಿಗೆ ಸಿಕ್ಕರೆ ಅದರ ಪುಟ್ಟ ಮೋಟರುಗಳು ಸೋಲುತ್ತವೆ. ಬಹುತೇಕ ಕ್ಯಾಮೆರಾಗಳ ಸೆನ್ಸರ್ ಸಾಲುಸಾಲಾಗಿ ಚಿತ್ರ ಓದುವುದರಿಂದ, ನಡುಕ ತಾಗಿದರೆ ಇಡೀ ಬೆಟ್ಟವೇ ಅಲೆಯಲೆಯಾಗಿ ಅಲುಗುತ್ತದೆ. ಎಡಿಟಿಂಗ್‌ನಲ್ಲಿ ಅದನ್ನು ಪೂರ್ತಿ ಸರಿಪಡಿಸಲಾಗದು. ಮುಂದಿನ ಗಾಜಿನ ಮೂಲಕ ತೆಗೆದಾಗ ಪ್ರೊಪೆಲರ್ ಬಾಗಿದ ಕತ್ತಿಗಳಂತೆ ತುಂಡುತುಂಡಾಗಿ ತೇಲುವುದಕ್ಕೂ ಇದೇ ಕಾರಣ. ಅಲ್ಲಿ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ಶಟರನ್ನು 1/100ರ ಆಸುಪಾಸಿಗೆ ಇಳಿಸಿದರೆ ಅಲಗುಗಳು ತೆಳುವಾಗಿ ಮಸುಕಾಗುತ್ತವೆ.

ವಂದನೆಗಳೊಂದಿಗೆ,
ಓದುಗ