ವಿಷಯ: ಲಿನಕ್ಸ್‌ಗೆ ಹೊಂದುತ್ತದೆ ಎಂದು ಮಾರಿದ ಲ್ಯಾಪ್‌ಟಾಪ್‌ನ ಸ್ಪೀಕರ್‌ನಲ್ಲಿ ಸದ್ದಿಲ್ಲ, ಬಯಾಸ್ ಸರಿಪಡಿಸಿಕೊಡಿ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೆ,

ನಿಮ್ಮ ಕಂಪನಿಯ ಲ್ಯಾಪ್‌ಟಾಪ್ ಒಂದನ್ನು ವಿಂಡೋಸ್ ಇಲ್ಲದೆ ಕೊಂಡಿದ್ದೇನೆ. ನಿಮ್ಮ ಮಾರಾಟದ ವಿವರದಲ್ಲೇ ‘ಲಿನಕ್ಸ್‌ಗೆ ಹೊಂದುತ್ತದೆ’ ಎಂದಿತ್ತು. ಆ ಮಾತು ನಂಬಿಯೇ ದುಡ್ಡು ಕೊಟ್ಟೆ. ವಿಂಡೋಸ್ ಬದಲಿಗೆ, ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ಒಂದು ರೂಪವಾದ ಡೆಬಿಯನ್ 12 ಹಾಕಿದೆ. ವೈಫೈ, ಕ್ಯಾಮೆರಾ, ಟಚ್‌ಪ್ಯಾಡ್ ಎಲ್ಲ ಸರಿಯಾಗಿವೆ. ಸ್ಪೀಕರ್ ಮಾತ್ರ ಉಸಿರೇ ಬಿಡುತ್ತಿಲ್ಲ. ಇಯರ್‌ಫೋನ್ ಚುಚ್ಚಿದರೆ ಚೆನ್ನಾಗಿ ಕೇಳುತ್ತದೆ. ಮಗಳ ಆನ್‌ಲೈನ್ ಪಾಠವನ್ನು ಮನೆಯವರು ಜೊತೆಗೆ ಕೂತು ಕೇಳೋಣ ಅಂದರೆ ಆಗುವುದಿಲ್ಲ.

ನಿಮ್ಮ ಸರ್ವಿಸ್ ಸೆಂಟರ್‌ನಲ್ಲಿ ‘ಇದು ಲಿನಕ್ಸ್‌ನ ತೊಂದರೆ, ವಿಂಡೋಸ್ ಹಾಕಿಕೊಂಡು ಬನ್ನಿ’ ಅಂದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ.

ಸ್ಪೀಕರ್‌ಗೆ ಬಲ ಕೊಡುವುದು ಸಿರಸ್ ಲಾಜಿಕ್‌ನ ಸಿಎಸ್35ಎಲ್41 ಆಂಪ್ಲಿಫೈಯರ್ ಚಿಪ್. ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ನಡೆಸುವ ಡ್ರೈವರನ್ನು ಆ ಚಿಪ್ ಮಾಡಿದವರೇ ಬರೆದುಕೊಟ್ಟಿದ್ದಾರೆ, ಅದು 2022ರ ಲಿನಕ್ಸ್ ಕರ್ನಲ್ (ಲಿನಕ್ಸ್‌ನ ತಿರುಳು ತಂತ್ರಾಂಶ) 5.17ರಲ್ಲೇ ಸೇರಿದೆ. ಆದರೆ ಡ್ರೈವರ್‌ಗೆ ಕೆಲವು ವಿವರ ಬೇಕು. ಯಾವ ಚಿಪ್ ಎಡದ ಸ್ಪೀಕರ್‌ಗೆ, ಯಾವುದು ಬಲಕ್ಕೆ? ವೋಲ್ಟೇಜ್ ಏರಿಸಲು ಬೋರ್ಡಿನಲ್ಲಿ ಯಾವ ಅಳತೆಯ ಇಂಡಕ್ಟರ್, ಕೆಪಾಸಿಟರ್ ಕೂರಿಸಿದ್ದೀರಿ? ಇವನ್ನು, ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶವಾದ ಬಯಾಸ್‌ನೊಳಗಿನ ಎಸಿಪಿಐ ಕೋಷ್ಟಕದಲ್ಲಿ, ಅಂದರೆ ಯಂತ್ರದ ಭಾಗಗಳ ವಿವರವನ್ನು ಲಿನಕ್ಸ್‌ಗೆ ತಿಳಿಸುವ ಪಟ್ಟಿಯಲ್ಲಿ, ಬರೆದಿಡಬೇಕು. ನೀವು ಬರೆದಿಲ್ಲ. ಕರ್ನಲ್ ಲಾಗ್ ಇದನ್ನೇ ಹೇಳುತ್ತಿದೆ: ಸಿಎಸ್‌ಸಿ3551ಕ್ಕೆ (ಎಸಿಪಿಐನಲ್ಲಿ ಅದೇ ಚಿಪ್‌ನ ಹೆಸರು) ಬೇಕಾದ ಎಸಿಪಿಐ ವಿವರಗಳು ಕಾಣೆ.

ಅಂದಾಜಿನ ಮೇಲೆ ಯಾವುದೋ ಅಂಕಿ ತುಂಬಿ ನೋಡಬಹುದಲ್ವಾ ಅಂತ ನಿಮ್ಮವರು ಕೇಳಿದರು. ತಪ್ಪು ಅಂಕಿ ಬಿದ್ದರೆ ಚಿಪ್ಪೇ ಸುಟ್ಟುಹೋಗಬಹುದು. ಆಗ ವಾರಂಟಿ ಯಾರು ಕೊಡುತ್ತಾರೆ? ಬೋರ್ಡ್ ಮಾಡಿಸಿದವರು ನೀವು, ಸರಿಯಾದ ಅಂಕಿ ಇರುವುದು ನಿಮ್ಮ ಹತ್ತಿರ. ನಿಮ್ಮಂಥ ಕಂಪನಿಗಳು ಬಿಟ್ಟ ವಿವರವನ್ನು ಕರ್ನಲ್ ಬರೆಯುವವರು ಎಷ್ಟೋ ಮಾದರಿಗಳಿಗೆ ತಾವೇ ಕೈಯಾರೆ ಸೇರಿಸುತ್ತಿದ್ದಾರೆ. ಆ ಶ್ರಮ ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಇನ್ನೊಂದು ವಿಷಯ. ನಿಮ್ಮ ಬಯಾಸ್ ಅಪ್‌ಡೇಟ್ ಸಿಗುವುದು ವಿಂಡೋಸ್‌ನಲ್ಲಿ ಓಡುವ ಫೈಲ್ ಆಗಿ ಮಾತ್ರ. ವಿಂಡೋಸ್ ಇಲ್ಲದೆ ಮಾರಿದವರೇ ಹೀಗೆ ಮಾಡಿದರೆ ಹೇಗೆ? ಡೆಲ್, ಲೆನೊವೊ ಕಂಪನಿಗಳು ತಮ್ಮ ಬಯಾಸ್‌ಗಳನ್ನು ಎಲ್‌ವಿಎಫ್‌ಎಸ್ (ಲಿನಕ್ಸ್ ಬಳಕೆದಾರರಿಗೆ ಇಂಥ ಅಪ್‌ಡೇಟ್ ತಲುಪಿಸುವ ಆನ್‌ಲೈನ್ ಸೇವೆ) ಮೂಲಕವೂ ಹಂಚುತ್ತವೆ, ಲಿನಕ್ಸ್ ಬಳಸುವವರು ಅಲ್ಲಿಂದ ನೇರವಾಗಿ ಹಾಕಿಕೊಳ್ಳುತ್ತಾರೆ.

ಸ್ಪೀಕರ್ ವಿವರ ಸೇರಿಸಿದ ಹೊಸ ಬಯಾಸ್ ಬಿಡುಗಡೆ ಮಾಡಿ. ಅದನ್ನು ಎಲ್‌ವಿಎಫ್‌ಎಸ್‌ಗೆ ಹಾಕಿ, ಇಲ್ಲವೇ ಪೆನ್‌ಡ್ರೈವ್‌ನಿಂದ ಹಾಕಿಕೊಳ್ಳುವಂತೆ ಕೊಡಿ. ಆಗದಿದ್ದರೆ ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಂಡು ಪೂರ್ತಿ ಹಣ ಮರಳಿಸಿ. ಸುಮ್ನೆ ದೂರು ಸಂಖ್ಯೆ ಕೊಟ್ಟು ಮುಚ್ಚಿಬಿಡಬೇಡಿ. ತಿಂಗಳೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲಿಯೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ.

ಬಿಲ್ ಪ್ರತಿ, ನಿಮ್ಮ ಮಾರಾಟ ವಿವರದ ಚಿತ್ರ ಮತ್ತು ಕರ್ನಲ್ ಲಾಗ್ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ