ಉಳಿಸಿದ ಕುದುರೆ ಮತ್ತೆ ಬೀದಿಗೆ ಬೀಳದಿರಲಿ

ಬಡಕಲಾದ ಕುದುರೆಗಳನ್ನು ಸ್ವಯಂಸೇವಕರು ರಕ್ಷಿಸಿದ ವರದಿ ಓದಿ ಸಮಾಧಾನವಾಯಿತು. ಆದರೆ ರಕ್ಷಣೆಗೆ ಸಿಗುವ ಮೆಚ್ಚುಗೆ ಆನಂತರದ ಆರೈಕೆಗೆ ಸಿಗುತ್ತಿಲ್ಲ. ಬಹುಕಾಲ ಉಪವಾಸ ಬಿದ್ದ ಕುದುರೆಗೆ ಕನಿಕರದಿಂದ ಒಮ್ಮೆಲೇ ಹೊಟ್ಟೆತುಂಬ ಧಾನ್ಯ ತಿನ್ನಿಸಿದರೆ ಪ್ರಾಣಕ್ಕೇ ಕುತ್ತು. ಪಶುವೈದ್ಯರ ಸಲಹೆಯಂತೆ ಸ್ವಲ್ಪಸ್ವಲ್ಪವಾಗಿ ಒಣಹುಲ್ಲು ಕೊಡುತ್ತಾ, ರಾತ್ರಿಯೂ ಎದ್ದು ನೋಡಿಕೊಳ್ಳಬೇಕು. ಬಿರುಕುಬಿಟ್ಟ ಗೊರಸು ತಿಂಗಳಿಗೆ ಬೆಳೆಯುವುದು ಹೆಚ್ಚೆಂದರೆ 1 ಸೆಂ.ಮೀ.; ಪೂರ್ತಿ ಹೊಸದಾಗಲು ಹೆಚ್ಚುಕಡಿಮೆ ವರ್ಷವೇ ಹಿಡಿಯುತ್ತದೆ. ಹೊಡೆತ ತಿಂದ ಪ್ರಾಣಿ, ಯಾರಾದರೂ ಕೈ ಎತ್ತಿದರೆ ಸಾಕು, ತಲೆ ಹಿಂದಕ್ಕೆಳೆದು ಬೆಚ್ಚುತ್ತದೆ. ಇಷ್ಟು ಶ್ರಮಪಟ್ಟು ಉಳಿಸಿದ್ದು ಮತ್ತೆ ದಲ್ಲಾಳಿಯ ಪಾಲಾಗಬಾರದು. ದತ್ತು ಕೊಡುವ ಮುನ್ನ ಮೇವು, ಲಾಳ, ಚಿಕಿತ್ಸೆಯ ಖರ್ಚು ಹೊರುವ ಶಕ್ತಿಯನ್ನು ಪರಿಶೀಲಿಸಿ, ಸಾಕಲಾಗದಿದ್ದರೆ ಮಾರದೆ ಸಂಸ್ಥೆಗೇ ಮರಳಿಸಬೇಕೆಂಬ ಲಿಖಿತ ಕರಾರನ್ನು ಕಡ್ಡಾಯಗೊಳಿಸಬೇಕು.