ಪೋರ್ಟ್ ರಾಯಲ್‌ನಲ್ಲಿ ಮನೆ ಮಾಡಹೊರಟ ಮಗಳಿಗೆ

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ನಿಂತದ್ದಲ್ಲ, ನೀನೇ ನಿಲ್ಲಿಸಿದ್ದು ಎಂದು ನಿನ್ನ ಅಪ್ಪಯ್ಯ ಇಲ್ಲಿ ತಿದ್ದುತ್ತಿದ್ದಾರೆ. ಇರಲಿ. ಜಮೈಕಾದ ಕಿಂಗ್‌ಸ್ಟನ್ನಿನ ಮನೆ ಬಿಟ್ಟು ಮುಂದಿನ ತಿಂಗಳಿನಿಂದ ಪೋರ್ಟ್ ರಾಯಲ್‌ನಲ್ಲೇ ಇರುತ್ತೇನೆ, ಕೆಲಸಕ್ಕೆ ದಿನದ ಓಡಾಟ ತಪ್ಪುತ್ತದೆ ಎಂದು ನೀನು ಹೇಳಿದ್ದು ಪಕ್ಕದ ಬೀದಿಗೆ ಹೋಗುವವಳ ಧಾಟಿಯಲ್ಲಿ. ಭೂಕಂಪಕ್ಕೆ ಮುಳುಗಿದ ಊರಿನಲ್ಲಿ ಮನೆ ಮಾಡಲು ಬುದ್ಧಿ ಕೆಟ್ಟಿದೆಯೇ ಎಂದು ನಾನು ಕೇಳಿದೆ. ಬುದ್ಧಿಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಉಳಿದದ್ದನ್ನು ತೆಗೆದುಕೊಳ್ಳುವುದಿಲ್ಲ.

ನಾವು ಅಲ್ಲಿಗೆ ಬಂದಾಗ ನೀನು ತೋರಿಸಿದ್ದೆಲ್ಲ ಚೆನ್ನಾಗಿಯೇ ಇತ್ತು. ಡೆವನ್ ಹೌಸಿನ ಐಸ್‌ಕ್ರೀಮ್, ಕರೋನೇಷನ್ ಮಾರುಕಟ್ಟೆಯಲ್ಲಿ ನನ್ನನ್ನು ಕಳೆದುಕೊಂಡು ನೀನು ಅತ್ತದ್ದು, ಅದೆಲ್ಲ ನಿನಗೇ ನೆನಪಿದೆ. ಅಪ್ಪಯ್ಯನನ್ನು ಕೇಳಿದರೆ ಕಿಂಗ್‌ಸ್ಟನ್ ಎಂದರೆ ಸಬೀನಾ ಪಾರ್ಕ್ ಕ್ರಿಕೆಟ್ ಮೈದಾನ ಒಂದೇ. 2006ರಲ್ಲಿ ಅಲ್ಲಿ ದ್ರಾವಿಡ್ 81 ಮತ್ತು 68 ಹೊಡೆದದ್ದು, ಕೊನೆಯ ಸರದಿಯಲ್ಲಿ ಕುಂಬ್ಳೆ ಆರು ವಿಕೆಟ್ ಕಿತ್ತದ್ದು, 1971ರ ನಂತರ ಮೊದಲ ಬಾರಿ ನಾವು ಅಲ್ಲಿ ಸರಣಿ ಗೆದ್ದದ್ದು, ಎಲ್ಲವನ್ನೂ ಗೇಟಿನ ಕಾವಲುಗಾರನಿಗೆ ವಿವರಿಸಿದರಲ್ಲ! ಅದಕ್ಕೂ ಮೂವತ್ತು ವರ್ಷ ಹಿಂದೆ ಅದೇ ಅಂಗಳದಲ್ಲಿ ವಿಶ್ವನಾಥ್ ಬೆರಳು ಮುರಿದುಕೊಂಡ ಕಥೆಯನ್ನೂ ಬಿಡಲಿಲ್ಲ. ಆ ಕಾವಲುಗಾರನ ತಾಳ್ಮೆ ದೊಡ್ಡದು.

ನನಗೆ ಮಾತ್ರ ಆ ಪ್ರವಾಸವೆಂದರೆ ಪೋರ್ಟ್ ರಾಯಲ್, ಅದರಲ್ಲೂ ಸೇಂಟ್ ಪೀಟರ್ ಚರ್ಚಿನ ಅಂಗಳದ ಆ ಒಂದು ಸಮಾಧಿ. ಲೂಯಿಸ್ ಗಾಲ್ಡಿ. ರಾತ್ರಿ ಎಚ್ಚರವಾದರೆ ಈಗಲೂ ಅವನೇ ಬರುತ್ತಾನೆ. 1692ರ ಜೂನ್ 7ರ ಬೆಳಿಗ್ಗೆಯ ಭೂಕಂಪದಲ್ಲಿ ನೆಲ ಬಾಯಿ ತೆರೆದು ಅವನನ್ನು ನುಂಗಿತು, ಮತ್ತೊಂದು ಕಂಪನ ಬಂದು ಸಮುದ್ರಕ್ಕೆ ಉಗುಳಿತು, ದೋಣಿ ಸಿಗುವವರೆಗೆ ಈಜಿದ, ಬದುಕಿದ ಎಂದು ಕಲ್ಲಿನಲ್ಲಿ ಕೆತ್ತಿದ್ದಾರೆ. ನೀನು ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಓದಿ ಹೇಳಿದೆ. ನಾನು ಕೇಳಿಸಿಕೊಳ್ಳುತ್ತಾ ನನ್ನ ಚಪ್ಪಲಿಯ ಅಡಿಯ ನೆಲವನ್ನು ನೋಡುತ್ತಿದ್ದೆ. ನುಂಗಿದ ಮೇಲೆ ಒಳಗೆ ಎಷ್ಟು ಹೊತ್ತು ಇದ್ದ? ಕಣ್ಣು ಮುಚ್ಚಿದ್ದನೋ, ತೆರೆದಿದ್ದನೋ? ಬಾಯಿಗೆ ಮರಳು ಹೋಗಿತ್ತೇ? ಆಮೇಲೆ ಅವನು 1739ರವರೆಗೆ ಬದುಕಿದ. ಅಷ್ಟು ವರ್ಷ ಹಾಸಿಗೆಯ ಮೇಲೆ ಮಲಗಲು ಅವನಿಗೆ ಧೈರ್ಯ ಬಂದದ್ದು ಹೇಗೆ? ಗುಲಾಮರ ವ್ಯಾಪಾರದಲ್ಲಿ ಹಣ ಮಾಡಿದವನು ಅವನು, ಕಲ್ಲಿನಲ್ಲಿ ಅದನ್ನು ಬರೆದಿಲ್ಲ, ಅವನು ಮಾರಿದವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ ಎಂದು ನೀನು ಹೇಳಿದೆ. ಒಪ್ಪಿದೆ, ನನಗೂ ಅವನ ಮೇಲೆ ಅಕ್ಕರೆಯಿಲ್ಲ. ಆದರೆ ನೀನೇ ಹೇಳಿದ ಇನ್ನೊಂದು ಮಾತನ್ನು ನಾನು ಮರೆತಿಲ್ಲ. ಅವನನ್ನು ಮೊದಲು ಹೂಳಿದ್ದು ಪೋರ್ಟ್ ರಾಯಲ್‌ನಲ್ಲಲ್ಲ, ಎದುರು ದಡದ ಗ್ರೀನ್ ಬೇಯಲ್ಲಿ. ಕಲ್ಲು ಈಚೆ ದಡಕ್ಕೆ ಬಂದದ್ದು ಬಹಳ ಕಾಲದ ಮೇಲೆ. ನೋಡು, ದೇವರೇ ಎತ್ತಿ ಬದುಕಿಸಿದ ಮನುಷ್ಯನಿಗೂ ಆ ಮರಳಿನಲ್ಲಿ ಜಾಗ ಬೇಕಾಗಲಿಲ್ಲ!

ಅವನೊಬ್ಬನೇ ಅಲ್ಲ. ಊರಿನ ಮೂರರಲ್ಲಿ ಎರಡು ಭಾಗ ಕಡಲಿಗೆ ಇಳಿದಾಗ ಸುಮಾರು 2000 ಜನ ಅಂದೇ ಸತ್ತರು, ಇನ್ನೂ ಸಾವಿರಾರು ಜನರನ್ನು ಬೆನ್ನಿಗೇ ಬಂದ ಜ್ವರಗಳು ಒಯ್ದವು. ಉಳಿದವರು ಕೊಲ್ಲಿ ದಾಟಿ ಹೋಗಿ ಕಟ್ಟಿದ್ದೇ ಕಿಂಗ್‌ಸ್ಟನ್. 1703ರಲ್ಲಿ ಬೆಂಕಿ ಬಿದ್ದಾಗ ಇನ್ನಷ್ಟು ಮಂದಿ ಆಚೆಗೆ ಹೋದರು. ಎಲ್ಲರೂ ಆ ಕಡೆಯಿಂದ ಈ ಕಡೆಗೆ ಬಂದರೆ ನೀನು ಈ ಕಡೆಯಿಂದ ಆ ಕಡೆಗೆ ಹೊರಟಿದ್ದೀಯ.

ನಿನ್ನ ಉತ್ತರ ಸಿದ್ಧವಾಗಿದೆ, ನನಗೆ ಗೊತ್ತು. 1907ರ ಜನವರಿಯ ಭೂಕಂಪದಲ್ಲಿ ಕಿಂಗ್‌ಸ್ಟನ್ನೂ ಉರುಳಿತ್ತು, ಸುಟ್ಟಿತ್ತು. ಸರಿ. ಅಂದು ವಾಲಿದ್ದೇ ಪೋರ್ಟ್ ರಾಯಲ್‌ನ ಫೋರ್ಟ್ ಚಾರ್ಲ್ಸ್ ಕೋಟೆಯ ಹತ್ತಿರದ ಆ ಗಿಡಿ ಹೌಸ್. ಹಿಂದೆ ಮದ್ದುಗುಂಡಿನ ಉಗ್ರಾಣ, ಈಗ ಪ್ರವಾಸಿಗರು ತಲೆ ತಿರುಗಿಸಿಕೊಂಡು ನಗುವ ಜಾಗ. ಅಪ್ಪಯ್ಯನೂ ನಗುತ್ತಾ ಗೋಡೆ ಹಿಡಿದರು. ನಾನು ನನ್ನ ಕೈಚೀಲವನ್ನು ಪಟ್ಟಿ ಹಿಡಿದು ತೂಗುಬಿಟ್ಟೆ. ಚೀಲ ನೆಟ್ಟಗೆ ಇಳಿಯಿತು, ಅದರ ಪಕ್ಕದಲ್ಲಿ ಗೋಡೆ ಓರೆಯಾಗಿತ್ತು. ಆದರೂ ನನ್ನ ಕಣ್ಣು ಗೋಡೆಯೇ ನೆಟ್ಟಗಿದೆ, ಚೀಲವೇ ಓರೆ ಎನ್ನುತ್ತಿತ್ತು. ಜೀವಮಾನವಿಡೀ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟ ನಾನು ನನ್ನ ಕಣ್ಣನ್ನೇ ನಂಬಲಾರದೆ ಹೊರಗೆ ಬಂದು ಬಿಸಿಲಿನಲ್ಲಿ ಕೂತದ್ದು ಅದಕ್ಕೆ. ಬಿಸಿಲಿನಿಂದ ಸುಸ್ತಾಯಿತು ಎಂದು ನೀನು ಎಳನೀರು ತಂದೆ.

ಕಿಂಗ್‌ಸ್ಟನ್ ಇರುವುದು ಬೆಟ್ಟದ ಬುಡದ ಬಯಲಿನಲ್ಲಿ. ಹಿಂದೆ ಬ್ಲೂ ಮೌಂಟನ್ಸ್ ಇದೆ, ಓಡಲು ದಾರಿ ಹತ್ತಾರು ಇವೆ. ನಿನ್ನ ಪೋರ್ಟ್ ರಾಯಲ್ ಒಂದು ಉದ್ದನೆಯ ಮರಳು ದಿಣ್ಣೆಯ ತುದಿ. ನೆನೆದ ಸಡಿಲ ಮರಳನ್ನು ಜೋರಾಗಿ ಅಲುಗಿಸಿದರೆ ಕಣಗಳ ನಡುವಿನ ನೀರಿನ ಒತ್ತಡ ಏರುತ್ತದೆ, ಕಣಕ್ಕೆ ಕಣದ ಆಸರೆ ತಪ್ಪುತ್ತದೆ, ನೆಲ ದ್ರವದ ಹಾಗಾಗುತ್ತದೆ. ಇಟ್ಟಿಗೆಯ ಮೂರ್ನಾಲ್ಕು ಅಂತಸ್ತಿನ ಮನೆಗಳು ನಿಂತಲ್ಲೇ ಇಳಿದದ್ದು ಹೀಗೆ. ಕಡಲತೀರದಲ್ಲಿ ಒದ್ದೆ ಮರಳಿನ ಮೇಲೆ ನಿಂತು ಕಾಲು ಕುಲುಕಿಸಿದರೆ ಪಾದ ಹುಗಿಯುವುದನ್ನು ಏಳನೆಯ ತರಗತಿಯ ಮಕ್ಕಳಿಗೆ ಮಾಡಿ ತೋರಿಸುತ್ತಿದ್ದೆ, ಅವರೆಲ್ಲ ಖುಷಿಯಿಂದ ಕುಣಿಯುತ್ತಿದ್ದರು. ಪಾಠ ಶುರುವಾಯಿತು ಎಂದು ನೀನು ಈಗ ಮೂಗು ಮುರಿಯುತ್ತಿರುತ್ತೀಯ. ಮುರಿ.

ಮರವಂತೆಯವರಿಗೆ ಮರಳಿನ ಭಯವೇ ಎಂದು ಕೇಳಿದೆಯಲ್ಲ, ಅದು ನನಗೆ ನಾಟಿತು. ನಿಜ, ಪೋರ್ಟ್ ರಾಯಲ್‌ಗೆ ಹೋಗುವ ಪ್ಯಾಲಿಸೇಡೋಸ್ ರಸ್ತೆಯಲ್ಲಿ ಕಾರು ಹೊರಟಾಗ ಒಂದು ಕಡೆ ತೆರೆದ ಕಡಲು, ಇನ್ನೊಂದು ಕಡೆ ಅಲುಗದ ಕೊಲ್ಲಿ, ನಡುವೆ ನಾವು. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕೆ ಎಂಬಂತೆಯೇ ಇತ್ತು. ನಿನ್ನ ಅಜ್ಜಿಯೂ ಪ್ರತಿ ಮಳೆಗಾಲ ಕಡಲ್ಕೊರೆತ ಅಂಗಳದವರೆಗೆ ಬಂದರೂ ಮನೆ ಬಿಟ್ಟವರಲ್ಲ. ಆದರೆ ಅಲ್ಲಿಗೂ ಇಲ್ಲಿಗೂ ವ್ಯತ್ಯಾಸವಿದೆ. ನಮ್ಮ ಕಡಲು ಜೂನಿನಲ್ಲಿ ಹೇಳಿಯೇ ಬರುತ್ತದೆ. ಈ ವರ್ಷ ಎರಡು ತೆಂಗು, ಮುಂದಿನ ವರ್ಷ ದನದ ಕೊಟ್ಟಿಗೆ ಎಂದು ಅಜ್ಜಿ ಲೆಕ್ಕ ಹಾಕಿಕೊಳ್ಳುತ್ತಿದ್ದರು. ನಿನ್ನ ಜಮೈಕಾ ಕೂತಿರುವುದು ಎರಡು ಭೂಫಲಕಗಳು ಒಂದನ್ನೊಂದು ಉಜ್ಜಿಕೊಂಡು ಸರಿಯುವ ಅಂಚಿನಲ್ಲಿ. ಅಲ್ಲಿ ಯಾರೂ ಹೇಳಿ ಬರುವುದಿಲ್ಲ. ನೀರಿನಡಿ ಸಿಕ್ಕ ಆ ಕಿಸೆ ಗಡಿಯಾರವನ್ನು ಎಕ್ಸ್-ರೇ ತೆಗೆದಾಗ ಮುಳ್ಳುಗಳು ನಿಂತದ್ದು 11 ಗಂಟೆ 43 ನಿಮಿಷಕ್ಕೆ ಎಂದು ಗೊತ್ತಾಯಿತಂತಲ್ಲ. 11 ಗಂಟೆ 40ಕ್ಕೆ ಆ ಊರಿನ ಅಮ್ಮಂದಿರು ಅಡುಗೆಯ ಚಿಂತೆಯಲ್ಲಿದ್ದಿರಬೇಕು.

ಹೆಮ್ಮೆ ಇಲ್ಲವೆಂದುಕೊಳ್ಳಬೇಡ. 2025ರ ಜುಲೈಯಲ್ಲಿ ಪೋರ್ಟ್ ರಾಯಲ್ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಕುಂದಾಪುರದ ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಮುಳುಗಿದ ಬೀದಿಗಳ ಇಟ್ಟಿಗೆ ಗೋಡೆಗಳನ್ನು ನೀರಿನೊಳಗೆ ಅಳೆಯುವವಳು ನನ್ನ ಮಗಳು ಎಂದರೆ ತರಕಾರಿ ಅಂಗಡಿಯವರು ಕೊತ್ತಂಬರಿ ಸೊಪ್ಪು ಹೆಚ್ಚಿಗೆ ಕೊಟ್ಟರು. ನೀರಿನಿಂದ ಹೆದರಿ ಓಡುತ್ತಿದ್ದ ಹುಡುಗಿ ನೀನು. ನಿನ್ನ ಕೆಲಸದ ಬಗ್ಗೆ ನನಗೆ ಒಂದು ಮಾತೂ ಇಲ್ಲ. ಅಳೆ, ನಕ್ಷೆ ಬರೆ, ಸಂಜೆಗೆ ಎದ್ದು ಬಾ. ಮಲಗಲೂ ಅಲ್ಲೇ ಬೇಕೇ?

ಅದೇ ವರ್ಷದ ಅಕ್ಟೋಬರ್ 28ರಂದು ಮೆಲಿಸಾ ಚಂಡಮಾರುತ ಅಪ್ಪಳಿಸಿದಾಗ ನಾವು ಹೇಗಿದ್ದೆವು ಎಂದು ಬರೆಯುವುದಿಲ್ಲ. ಪೆಟ್ಟು ಪಶ್ಚಿಮದ ಕಡೆಗೆ, ನಮ್ಮಲ್ಲಿ ಅಷ್ಟಿಲ್ಲ ಎಂದು ನೀನು ಸಂದೇಶ ಕಳುಹಿಸಿದೆ. ಆಗ ನೀನಿದ್ದದ್ದು ಕಿಂಗ್‌ಸ್ಟನ್ನಿನಲ್ಲಿ. 2004ರಲ್ಲಿ ಐವಾನ್ ಬಂದಾಗ ಪ್ಯಾಲಿಸೇಡೋಸ್ ರಸ್ತೆಯೇ ಮರಳಿನಡಿ ಹೋಗಿತ್ತು. ಆಮೇಲೆ ಬಂಡೆ ಪೇರಿಸಿ ಎತ್ತರಿಸಿದ್ದಾರೆ, ನೋಡಿದ್ದೇನೆ. ಆದರೂ ಅದು ಒಂದೇ ರಸ್ತೆ, ವಿಮಾನ ನಿಲ್ದಾಣವೂ ಅದರ ಮೇಲೆಯೇ ಇದೆ.

ಹೋಗುವುದೇ ನಿಶ್ಚಯವಾದರೆ ಇಷ್ಟನ್ನು ಮಾಡು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಎಚ್ಚರಿಕೆ ಬಂದ ಮೊದಲ ದಿನವೇ ಕಿಂಗ್‌ಸ್ಟನ್ನಿನ ಗೆಳತಿಯ ಮನೆಗೆ ಹೋಗು, ಕೊನೆಯ ದಿನಕ್ಕೆ ಕಾಯಬೇಡ. ಪಾಸ್‌ಪೋರ್ಟ್ ಮತ್ತು ಪದವಿಯ ಪತ್ರಗಳನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಬಾಗಿಲ ಹತ್ತಿರ ಇಡು. ರಾತ್ರಿ ಹಾಸಿಗೆಯ ಪಕ್ಕ ಟಾರ್ಚು ಮತ್ತು ಶೂ ಇರಲಿ, ಚಪ್ಪಲಿ ಸಾಲದು, ಗಾಜು ಚುಚ್ಚುತ್ತದೆ. ಕಪಾಟನ್ನು ಗೋಡೆಗೆ ಮೊಳೆ ಹೊಡೆದು ಕಟ್ಟು. ನೆಲ ನಡುಗಿ ನಿಂತ ಮೇಲೆ ದಡಕ್ಕೆ ಹೋಗಿ ಫೋಟೊ ತೆಗೆಯಬೇಡ. ನಿನ್ನನ್ನು ನಾನು ಬಲ್ಲೆ. ಊಟವೂ ಅಷ್ಟೇ. ಅಲ್ಲಿ ಕಲಲೂ ಎನ್ನುವ ಸೊಪ್ಪು ನಮ್ಮ ಹರಿವೆಯ ಜಾತಿಯದೇ, ಸಾಸಿವೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಸಾಕು. ಜೀಗುಜ್ಜೆ ಬೀದಿಬೀದಿಯಲ್ಲಿ ಸಿಗುವಾಗ ದಿನವೂ ಹೊರಗಿನ ಕರಿದ ಮೀನು ಯಾಕೆ?

ಅಪ್ಪಯ್ಯ ಮೊದಲ ದಿನದಿಂದಲೂ ನಿನ್ನ ಕಡೆಯೇ. ಅವಳಿಗೆ ನಮಗಿಂತ ಹೆಚ್ಚು ಗೊತ್ತು ಎನ್ನುತ್ತಾರೆ. ಗೊತ್ತಿರುವವರಿಗೇ ಧೈರ್ಯ ಜಾಸ್ತಿ ಎನ್ನುತ್ತೇನೆ ನಾನು. ಇದರ ಮೇಲೆ ಇಲ್ಲಿ ಎರಡು ದಿನ ಮಾತಿಲ್ಲ.

ಆ ಮನೆ ಮರದ್ದೋ ಇಟ್ಟಿಗೆಯದೋ, ಎಷ್ಟು ಅಂತಸ್ತು, ಚರ್ಚಿನಿಂದ ಎಷ್ಟು ದೂರ, ಬಾಗಿಲು ಕೊಲ್ಲಿಯ ಕಡೆಗೋ ಕಡಲಿನ ಕಡೆಗೋ, ಎಲ್ಲ ಬರೆ. ಮನೆಯೊಡತಿಯ ಫೋನ್ ನಂಬರ್ ಕಳುಹಿಸು. ನನ್ನ ಇಂಗ್ಲಿಷ್ ಅವರಿಗೆ ಅರ್ಥವಾಗುತ್ತದೆಯೋ ಇಲ್ಲವೋ, ನಾನು ಮಾತನಾಡುತ್ತೇನೆ.

ಇತಿ,
ನಿನ್ನ ಅಮ್ಮ